ಕೊಬ್ಬರಿ ಬೆಲೆ ಬಜೆಟ್‌ನ ಯಾವ ಪುಟದಲ್ಲಿದೆ?

2024ರ ಲೋಕಸಭೆ ಚುನಾವಣೆಗೆ ತುಮಕೂರು ಕ್ಷೇತ್ರದಿಂದ ಪಕ್ಷೇತರನಾಗಿ ನಿಂತಿದ್ದೆ. ಠೇವಣಿ ಹೋಯಿತು. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದು ಹೇಳೋದು ಸಲೀಸು.

ನಾನು ಮೂವತ್ತು ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದವನು. ಭಾಷಣ ಮಾಡೋಕೆ ಬರಲ್ಲ, ಆದರೆ ಅಂಕಿ ಕಂಡರೆ ಹೆದರಿಕೆ ಇಲ್ಲ. ಆ ಒಂದೇ ಧೈರ್ಯದ ಮೇಲೆ 25,000 ರೂಪಾಯಿ ಕಟ್ಟಿದೆ. ದೊಡ್ಡ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ನಮ್ಮಂಥವರಿಗೆ ಹತ್ತು ಜನ ಸಹಿ ಹಾಕಬೇಕು. ಹತ್ತನೆಯವನು ನಮ್ಮ ಬೀಗರ ಮಗ. ಸಹಿ ಹಾಕಿ, "ಮಾವ, ವೋಟು ಮಾತ್ರ ಕೇಳಬೇಡಿ" ಅಂದ.

ಏಪ್ರಿಲ್ 8ಕ್ಕೆ ನಾಮಪತ್ರ ವಾಪಸ್ ತಗೊಳ್ಳೋ ಗಡುವು ಮುಗಿದ ಮೇಲೆಯೇ ನನಗೆ ಗುರುತು ಸಿಕ್ಕಿದ್ದು. 26ಕ್ಕೆ ಮತದಾನ, 24ರ ಸಂಜೆಗೆ ಪ್ರಚಾರ ಬಂದ್. ಗುರುತು ಹಿಡಿದು ಓಡಾಡೋಕೆ ಇದ್ದದ್ದು ಹದಿನಾರು ದಿನ, ಎಂಟು ವಿಧಾನಸಭಾ ಕ್ಷೇತ್ರ. ಖರ್ಚಿಗೆ 95 ಲಕ್ಷದವರೆಗೆ ಅವಕಾಶ ಇತ್ತು. ನನ್ನ ಹತ್ತಿರ ಒಂದು ಹಳೇ ಓಮ್ನಿ ಇತ್ತು.

ಅದಕ್ಕೂ ಮೊದಲೇ, ಫೆಬ್ರವರಿಯಿಂದ, ಒಂದು ಉದ್ದನೆ ನೋಟ್‌ಬುಕ್ ಇಟ್ಟುಕೊಂಡು ಊರೂರು ಸುತ್ತಿದ್ದೆ. ಎಡಗಡೆ ಜನ ಹೇಳಿದ ಸಮಸ್ಯೆ. ಬಲಗಡೆ ಮೂರು ಕಲಂ: ಪಂಚಾಯಿತಿ, ರಾಜ್ಯ, ಕೇಂದ್ರ. ಜಮೀನು ಅಳೆದು ಬೇರೆ ಮಾಡೋ ಪೋಡಿ ಆಗಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಿದೆ, ಸ್ಮಶಾನಕ್ಕೆ ದಾರಿ ಇಲ್ಲ, ರೇಷನ್ ಕಾರ್ಡಿಗೆ ಹೆಸರು ಸೇರಿಲ್ಲ. ಕೇಂದ್ರದ ಕಲಂ ಮೂರು ಪುಟದವರೆಗೂ ಖಾಲಿಯೇ ಇತ್ತು. ನಾನು ಹೋಗಬೇಕು ಅಂತಿರೋ ಲೋಕಸಭೆಗೂ ಈ ಜನರ ಕಷ್ಟಕ್ಕೂ ಸಂಬಂಧವೇ ಇಲ್ವೇನೋ ಅನ್ನಿಸಿ ಒಂದು ರಾತ್ರಿ ನಿದ್ದೆ ಬರಲಿಲ್ಲ.

ಕಲಂ ತುಂಬಿಸಿದ್ದು ತಿಪಟೂರು ಕಡೆಯ ಒಂದು ಅಟ್ಟ. ಅಲ್ಲಿನ ಯಜಮಾನರು ಏಣಿ ಹತ್ತಿಸಿ ತೋರಿಸಿದರು. ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಅನ್ನುತ್ತೆ. ಉಂಡೆ ಕೊಬ್ಬರಿಗೆ ಆ ಸಲ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000. ಮೇಲೆ ರಾಜ್ಯದ ಪ್ರೋತ್ಸಾಹಧನ 1,500. ಮಾರುಕಟ್ಟೆಯಲ್ಲಿ ಮಾತ್ರ ಹತ್ತು ಸಾವಿರದ ಕೆಳಗೇ ಹರಾಜಾಗುತ್ತಿತ್ತು. ಬೆಂಬಲ ಬೆಲೆಗೆ ಕೊಳ್ಳೋ ಕೇಂದ್ರದ ಸಂಸ್ಥೆ ನಾಫೆಡ್‌ಗೆ ಕೊಡೋಣ ಅಂದರೆ ಮೊದಲು ನೋಂದಣಿ ಆಗಬೇಕು, ಒಬ್ಬರಿಂದ ಇಷ್ಟೇ ಅಂತ ಮಿತಿ ಬೇರೆ.

ಇಲ್ಲೇ ನಾನು ಎಡವಿದ್ದು. ಒಂದು ಅರಳಿಕಟ್ಟೆಯಲ್ಲಿ ಹುಮ್ಮಸ್ಸಿಗೆ ಬಿದ್ದು, "ಗೆದ್ದರೆ ಮುಂದಿನ ಬಜೆಟ್‌ನಲ್ಲೇ ಕೊಬ್ಬರಿಗೆ ಇಪ್ಪತ್ತು ಸಾವಿರ ಬರೆಸ್ತೀನಿ" ಅಂದುಬಿಟ್ಟೆ. ಹಿಂದೆ ಕೂತಿದ್ದ ಒಬ್ಬ ಅಜ್ಜ ಬೀಡಿ ಆರಿಸಿ ಕೇಳಿದರು: "ಬಜೆಟ್ ಬುಕ್ಕಲ್ಲಿ ಕೊಬ್ರಿ ಬೆಲೆ ಯಾವ ಪುಟದಾಗ್ ಬರೀತಾರೆ ಸ್ವಾಮಿ?"

ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದೆ. ಆ ಬೆಲೆ ಬಜೆಟ್‌ನಲ್ಲಿ ಬರೆಯೋದೇ ಇಲ್ಲ. ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತೆ, ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ತೀರ್ಮಾನಿಸುತ್ತೆ. ಬಜೆಟ್‌ನಲ್ಲಿ ಇರೋದು ಆ ಬೆಲೆಗೆ ಕೊಳ್ಳೋ ಯೋಜನೆಗೆ ಎಷ್ಟು ದುಡ್ಡು ಅನ್ನೋದು. ಅಂದರೆ ಸಂಸದನಾದವನು ಬಜೆಟ್ ದಿನ ಮೇಜು ಗುದ್ದಿ ಪ್ರಯೋಜನ ಇಲ್ಲ. ಬೆಲೆ ಲೆಕ್ಕ ಹಾಕುವಾಗ ಕಾಯಿ ಕೆಡವೋರ ಕೂಲಿ, ಅಟ್ಟದಲ್ಲಿ ವರ್ಷ ಕಾಯೋ ನಷ್ಟ ಎಲ್ಲ ಸೇರಿದೆಯಾ ಅಂತ ಆಯೋಗದ ಮುಂದೆ ಕೂತು ಜಗಳ ಆಡಬೇಕು. ಖರೀದಿ ಕೇಂದ್ರ ಸುಗ್ಗಿಗೆ ಮುಂಚೆ ತೆರೆಯೋ ಹಾಗೆ ಕೃಷಿ ಇಲಾಖೆಗೆ ಅಲೆಯಬೇಕು. ಎರಡು ದಿನ ಬಿಟ್ಟು ಅದೇ ಕಟ್ಟೆಗೆ ಹೋಗಿ ಇಷ್ಟನ್ನೂ ಹೇಳಿದೆ. ಅಜ್ಜ ನಕ್ಕರು. ವೋಟು ಹಾಕಿದರೋ ಇಲ್ಲವೋ ಗೊತ್ತಿಲ್ಲ.

ಆಮೇಲೆ ಫೆಬ್ರವರಿ 1ರ ಮಧ್ಯಂತರ ಬಜೆಟ್ಟನ್ನು ಸಂಘದ ಲೆಡ್ಜರ್ ಓದೋ ಹಾಗೆ ಓದಿದೆ. ಒಟ್ಟು ಖರ್ಚು 47.66 ಲಕ್ಷ ಕೋಟಿ. ಈ ಅಂಕಿ ಯಾರ ತಲೆಗೂ ಹೋಗಲ್ಲ, ನನ್ನ ತಲೆಗೂ ಹೋಗಲಿಲ್ಲ. ಒಂದು ರೂಪಾಯಿಗೆ ಇಳಿಸಿದರೆ ಕಣ್ಣಿಗೆ ಕಾಣುತ್ತೆ: ಬರೋ ರೂಪಾಯಿಯಲ್ಲಿ 28 ಪೈಸೆ ಸಾಲ, ಹೋಗೋ ರೂಪಾಯಿಯಲ್ಲಿ 20 ಪೈಸೆ ಬಡ್ಡಿ. ಬೆಳೆಸಾಲ ನವೀಕರಣ ಮಾಡಿಸಿ ಮಾಡಿಸಿ ಸುಸ್ತಾದ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳೋ ಅಗತ್ಯವೇ ಬೀಳಲಿಲ್ಲ. "ನಮ್ ಕಥೆನೇ ಅಲ್ವಾ ಅಣ್ಣ" ಅಂದರು.

ಇನ್ನೊಂದು ಕಲಿತಿದ್ದು, ಅಂದಾಜಿನ ಕಲಂ ಮಾತ್ರ ನೋಡಬಾರದು ಅನ್ನೋದು. ಉದ್ಯೋಗ ಖಾತ್ರಿಗೆ 2023-24ರ ಬಜೆಟ್‌ನಲ್ಲಿ ಇಟ್ಟಿದ್ದು 60,000 ಕೋಟಿ. ವರ್ಷದ ಕೊನೆಗೆ ಪರಿಷ್ಕೃತ ಅಂದಾಜಿನಲ್ಲಿ ಅದು 86,000 ಕೋಟಿ. ಕೆಲಸ ಕೇಳೋರು ಜಾಸ್ತಿ ಆಗ್ತಾರೆ ಅಂತ ಮೊದಲೇ ಗೊತ್ತಿರಲಿಲ್ವಾ? ಮೊದಲೇ ಇಟ್ಟಿದ್ದರೆ ಕೂಲಿ ತಡ ಆಗೋದು ಅಷ್ಟರಮಟ್ಟಿಗೆ ತಪ್ಪುತ್ತಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ. ಬರ ಬಿದ್ದ ಕಡೆ ನೂರು ದಿನದ ಮೇಲೆ ಇನ್ನೂ 50 ದಿನ ಕೆಲಸ ಕೊಡೋ ಅವಕಾಶ ಆಗ ಈ ಯೋಜನೆಯಲ್ಲೇ ಇತ್ತು. ಅದು ಕೇಂದ್ರ ಒಪ್ಪೋವರೆಗೆ ಕಾಯಬಾರದು, ಬರ ಘೋಷಣೆ ಆದ ಕೂಡಲೇ ತಾನಾಗಿ ಜಾರಿಗೆ ಬರಬೇಕು ಅನ್ನೋದೇ ನನ್ನ ಮುಖ್ಯ ಮಾತಾಗಿತ್ತು. ಏಪ್ರಿಲ್‌ನಿಂದ ದಿನಗೂಲಿ 316ರಿಂದ 349ಕ್ಕೆ ಏರಿತ್ತು. ಮಧುಗಿರಿ ಕಡೆ ಒಬ್ಬ ಅಕ್ಕ ಕೇಳಿದರು: "ಕೂಲಿ ಏರ್ಸವ್ರೆ ಸರಿ, ಕೆಲ್ಸ ಎಲ್ಲೈತೆ?"

ತೆರಿಗೆ ಪಾಲಿನ ವಿಷಯ ಆ ಚುನಾವಣೆಯಲ್ಲಿ ಬಿಸಿಬಿಸಿಯಾಗಿತ್ತು. ರಾಜ್ಯಗಳಿಗೆ ಹಂಚೋ ನೂರು ರೂಪಾಯಿಯಲ್ಲಿ ನಮಗೆ ಮೊದಲು 4 ರೂಪಾಯಿ 71 ಪೈಸೆ ಬರುತ್ತಿತ್ತು, 15ನೇ ಹಣಕಾಸು ಆಯೋಗ ಪಾಲು ನಿಗದಿ ಮಾಡಿದ ಮೇಲೆ ಅದು 3 ರೂಪಾಯಿ 65 ಪೈಸೆಗೆ ಇಳಿದಿತ್ತು. ನಾನು ಇದನ್ನು ಒಪ್ಪಲ್ಲ. ಆದರೆ ಇದೂ ಬಜೆಟ್ ಭಾಷಣದಲ್ಲಿ ಸರಿಹೋಗೋದಲ್ಲ, ಆಯೋಗದ ಸೂತ್ರ ಬದಲಾಗಬೇಕಿತ್ತು. ಆಗಿನ ಸೂತ್ರದಲ್ಲಿ ನೂರಕ್ಕೆ 45 ಅಂಕ ತಲಾ ಆದಾಯ ಕಡಿಮೆ ಇರೋ ರಾಜ್ಯಗಳ ಕಡೆಗೆ ವಾಲುತ್ತಿತ್ತು. ಬೆಂಗಳೂರಿನ ದುಡಿಮೆ ಸೇರಿಸಿದರೆ ರಾಜ್ಯ ಶ್ರೀಮಂತ. ನಮ್ಮ ಜಿಲ್ಲೆಯ ಬರದ ತಾಲ್ಲೂಕು ಪಾವಗಡದವರನ್ನು ಕೇಳಿ ನೋಡಿ. ತೆರಿಗೆ ಮೇಲೆ ಕೇಂದ್ರ ಹಾಕೋ ಸೆಸ್, ಸರ್‌ಚಾರ್ಜ್‌ನಲ್ಲಂತೂ ಯಾವ ರಾಜ್ಯಕ್ಕೂ ಪಾಲಿಲ್ಲ.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಹೇಳಿದ್ದರು. ನಾನು ಪ್ರಚಾರ ಮಾಡೋ ಹೊತ್ತಿಗೂ ಅದು ರಾಜ್ಯದ ಕೈಗೆ ಬಂದಿರಲಿಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ ಇದನ್ನು ಎತ್ತಿದಾಗ ಜನ ಸುಮ್ನೆ ಕೇಳಿದರು. ಅವರಿಗೆ ಆ ದಿನದ ಟ್ಯಾಂಕರ್ ಇನ್ನೂ ಬಂದಿರಲಿಲ್ಲ.

ರಸ್ತೆ, ಸಮುದಾಯ ಭವನ ಕೇಳಿದವರಿಗೆ ಸಂಸದರ ನಿಧಿಯ ಲೆಕ್ಕ ಹೇಳುತ್ತಿದ್ದೆ. ವರ್ಷಕ್ಕೆ 5 ಕೋಟಿ. ಎಂಟು ಕ್ಷೇತ್ರಕ್ಕೆ ಹಂಚಿದರೆ ತಲಾ ಅರವತ್ತೆರಡೂವರೆ ಲಕ್ಷ. ಸಂಸದ ಬರೀ ಶಿಫಾರಸು ಮಾಡಬಹುದು, ಕೆಲಸ ಮಾಡಿಸೋದು ಜಿಲ್ಲಾಡಳಿತ. "ಹಾಗಾದ್ರೆ ಇವ್ರು ಇಷ್ಟು ವರ್ಷ ಹಂಚಿದ ಭರವಸೆ ಎಲ್ಲಾ ಯಾವ ಲೆಕ್ಕದ್ದು?" ಅಂತ ಗುಬ್ಬಿಯಲ್ಲಿ ಒಬ್ಬ ಹುಡುಗ ಕೇಳಿದ. ನನ್ನ ಸಭೆಗಳಲ್ಲಿ ಚಪ್ಪಾಳೆ ಬಿದ್ದದ್ದು ಅವನಿಗೆ ಮಾತ್ರ.

"ಇದು ನನ್ನ ಕೈಲಿ ಆಗಲ್ಲ" ಅಂತ ಮುಖಕ್ಕೆ ಹೇಳೋದು ಅಭ್ಯರ್ಥಿಗೆ ಕಷ್ಟದ ಕೆಲಸ. ಮೊದಲ ವಾರ ನಾಲಿಗೆ ಏಳಲಿಲ್ಲ. ಹೆಂಡತಿಯೇ ಬೈದಳು: "ಆಗಲ್ಲ ಅನ್ನೋಕೆ ನೀವು ನಿಲ್ಲಬೇಕಿತ್ತಾ?" ಅದಕ್ಕೂ ಉತ್ತರ ಇರಲಿಲ್ಲ. ಆದರೆ ಆಗಲ್ಲ ಅಂದ ಮೇಲೆ ಯಾರ ಕೈಲಿ ಆಗುತ್ತೆ ಅಂತಲೂ ಹೇಳಿದರೆ ಜನ ಕೂತು ಕೇಳುತ್ತಾರೆ. ಪೋಡಿ ಅರ್ಜಿ ಎಲ್ಲಿ ಕೊಡಬೇಕು ಅಂತ ನೋಟ್‌ಬುಕ್ ಹಾಳೆ ಹರಿದು ಬರೆದುಕೊಟ್ಟಿದ್ದೇ ಕರಪತ್ರಕ್ಕಿಂತ ಜಾಸ್ತಿ ಇರಬೇಕು.

ಮತದಾನ ಮುಗಿದು ಒಂದೆರಡು ದಿನದಲ್ಲೇ ರಾಜ್ಯಕ್ಕೆ ಬರ ಪರಿಹಾರ ಬಿಡುಗಡೆ ಆದ ಸುದ್ದಿ ಬಂತು. ಸುಮಾರು 3,400 ಕೋಟಿ. ರಾಜ್ಯ ಕೇಳಿದ್ದು 18,000 ಕೋಟಿಗೂ ಮೇಲೆ, ಅದಕ್ಕೂ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಜೂನ್ 4ಕ್ಕೆ ಫಲಿತಾಂಶ. ಆಮೇಲೆ ಮೂವತ್ತು ದಿನದೊಳಗೆ ಚುನಾವಣಾ ಖರ್ಚಿನ ಲೆಕ್ಕ ಕೊಡಬೇಕು. ಪೆಟ್ರೋಲು, ಮೈಕ್ ಬಾಡಿಗೆ, ಟೀ ಎಲ್ಲ ಬರೆದು ಕೊಟ್ಟೆ. ಅದೊಂದರಲ್ಲಿ ನನ್ನದು ಒಂದು ಪೈಸೆ ವ್ಯತ್ಯಾಸ ಬರಲಿಲ್ಲ.

2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ 20,000 ದಾಟಿತು. ಮರದಲ್ಲಿ ಕಾಯಿ ಕಮ್ಮಿಯಾಗಿತ್ತು, ಅಷ್ಟೇ. ಅಟ್ಟ ತೋರಿಸಿದ ಯಜಮಾನರು ಫೋನ್ ಮಾಡಿ, "ನೀವು ಗೆಲ್ದಿದ್ರೂ ರೇಟ್ ಬಂತು ನೋಡಿ" ಅಂತ ನಕ್ಕರು. ಅಟ್ಟದಲ್ಲಿ ಎಷ್ಟಿದೆ ಅಂತ ಕೇಳಿದೆ. ಎಲ್ಲ ಹಿಂದಿನ ವರ್ಷವೇ ಮಾರಿದ್ದರಂತೆ.