ಹಲ್ಲಿನ ಚಿಕಿತ್ಸೆ ಕೆಟ್ಟರೆ: ಮೊದಲು ಎಕ್ಸ್‌ರೇ, ಆಮೇಲೆ ರಿಪೇರಿ

ರೂಟ್ ಕೆನಾಲ್ (ಬೇರಿನೊಳಗಿನ ನಾಳ ತೊಳೆದು ತುಂಬುವ ಚಿಕಿತ್ಸೆ) ಮಾಡಿಸಿದ ಹಲ್ಲು ತಿಂಗಳಾದರೂ ನೋಯುತ್ತಿದ್ದರೆ ಬಹಳ ಮಂದಿ ನೇರ ಬೇರೆ ಡಾಕ್ಟರ್ ಹತ್ತಿರ ಹೋಗಿ ಸರಿಮಾಡಿಸಿಬಿಡುತ್ತಾರೆ. ನೋವಿನ ಜೊತೆಗೆ ಪುರಾವೆಯೂ ಹೋಗುತ್ತದೆ. ಕ್ಯಾಪ್ ಕಿತ್ತು ನಾಳ ಮತ್ತೆ ತೊಳೆದ ಮೇಲೆ ಮೊದಲು ಏನಾಗಿತ್ತೆಂದು ಯಾರೂ ಖಚಿತವಾಗಿ ಹೇಳಲಾರರು. ಹಾಗಾಗಿ ಹಲ್ಲಿಗೆ ಕೈ ಹಚ್ಚುವ ಮುಂಚೆ ಹೊಸ ಎಕ್ಸ್‌ರೇ ತೆಗೆಸಿ, ತಾರೀಖು ಸಹಿತ ಪ್ರತಿ ಇಟ್ಟುಕೊಳ್ಳಿ.

ಇದಕ್ಕೂ ಕಾಯಬಾರದ ಸಂದರ್ಭಗಳಿವೆ. ಗದ್ದದ ಕೆಳಗೆ ಅಥವಾ ನಾಲಿಗೆ ಅಡಿ ಬಾವು ಏರುತ್ತಿದ್ದರೆ, ನುಂಗಲು ಇಲ್ಲವೆ ಉಸಿರಾಡಲು ಕಷ್ಟವಾದರೆ, ಜ್ವರ ಬಂದು ಬಾಯಿ ತೆರೆಯಲಾಗದಿದ್ದರೆ ರಾತ್ರಿಯಾದರೂ ಹೊರಡಿ: ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಳೆಯ ಕಿಮ್ಸ್) ಆಸ್ಪತ್ರೆ, ಗದಗದಲ್ಲಿ ಜಿಮ್ಸ್ ಆಸ್ಪತ್ರೆ, ಹಾವೇರಿಯಲ್ಲಿ ಜಿಲ್ಲಾಸ್ಪತ್ರೆ. ತಪ್ಪು ಹಲ್ಲು ಕಿತ್ತದ್ದು ಕ್ಲಿನಿಕ್ಕಿನಲ್ಲೇ ಗೊತ್ತಾದರೆ, ಮತ್ತೆ ಕೂಡಿಸಲು ಬರುತ್ತದೆಯೇ ಎಂದು ಆಗಲೇ ಕೇಳಿ. ಬೇರು ಮುಟ್ಟಬಾರದು, ಉಜ್ಜಬಾರದು, ಹಾಲಿನಲ್ಲಿಡಬೇಕು. ಅರ್ಧ ತಾಸಿನೊಳಗೆ ಕೂಡಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು, ತಾಸು ದಾಟಿದರೆ ಬಹಳ ಕಡಿಮೆ.

ಎಲ್ಲ ತೊಂದರೆಯೂ ತಪ್ಪಲ್ಲ. ಹಲ್ಲು ಕಿತ್ತ ಮೂರ್ನಾಲ್ಕನೇ ದಿನ ಕಿವಿವರೆಗೆ ಎಳೆಯುವ ನೋವು ಬಂದರೆ ಅದು ಡ್ರೈ ಸಾಕೆಟ್ ಇರಬಹುದು: ಗುಳಿಯಲ್ಲಿನ ಹೆಪ್ಪುಗಟ್ಟಿದ ರಕ್ತ ಕಳಚಿ ಎಲುಬು ತೆರೆದುಕೊಂಡಿರುತ್ತದೆ. ಒಳ್ಳೆಯ ಡಾಕ್ಟರ್ ಕೈಯಲ್ಲೂ ಇದು ಆಗುತ್ತದೆ, ತೊಳೆದು ಔಷಧ ತುಂಬಿದರೆ ಇಳಿಯುತ್ತದೆ. ನಾಳದೊಳಗೆ ಫೈಲ್ (ನಾಳ ಕೆರೆದು ಶುಚಿ ಮಾಡುವ ಸೂಜಿಯಂಥ ಉಪಕರಣ) ತುದಿ ಮುರಿಯುವುದೂ ನಡೆಯುವಂಥದ್ದೇ. ಮುರಿದದ್ದನ್ನು ರೋಗಿಗೆ ಹೇಳದೆ ಮೇಲೆ ಕ್ಯಾಪ್ ಕೂಡಿಸುವುದನ್ನು ಮಾತ್ರ ಒಪ್ಪಲಾಗದು.

ಕೆಳಗಿನ ಬುದ್ಧಿಹಲ್ಲು ತೆಗೆಸಿದ ಮೇಲಿನ ಜೋಮನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಜೆಕ್ಷನ್ನಿನ ಜೋಮು ಸಾಮಾನ್ಯವಾಗಿ 3ರಿಂದ 5 ತಾಸಿನಲ್ಲಿ ಬಿಡುತ್ತದೆ. ಮರುದಿನವೂ ತುಟಿ, ಗದ್ದ ಜೋಮಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ಜೋಮಿರುವ ಚರ್ಮದ ಸುತ್ತ ಪೆನ್ನಿನಿಂದ ಗೆರೆ ಎಳೆದು ಫೋಟೊ ತೆಗೆಯಿರಿ, ವಾರಕ್ಕೊಮ್ಮೆ ಹಾಗೇ ಮಾಡಿ. ಓರಲ್ ಸರ್ಜನ್ (ಬಾಯಿ, ದವಡೆಯ ಶಸ್ತ್ರಚಿಕಿತ್ಸಕರು) ಬೇಗ ನೋಡಿದಷ್ಟೂ ಒಳ್ಳೆಯದು.

ದಾಖಲೆ ಕೇಳುವಾಗ ಜಗಳ ಬೇಡ. ಅರ್ಜಿ ಎರಡು ಪ್ರತಿ ಬರೆದು, ಒಂದರ ಮೇಲೆ ಕ್ಲಿನಿಕ್ಕಿನ ಸಹಿ, ಸೀಲು ತೆಗೆದುಕೊಳ್ಳಿ. ಸಹಿ ಕೊಡದಿದ್ದರೆ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕೇಸ್ ಪೇಪರ್, ಸಹಿ ಮಾಡಿದ ಒಪ್ಪಿಗೆ ಪತ್ರ, ಬಿಲ್, ಕ್ಯಾಪಿನ ವಾರಂಟಿ ಕಾರ್ಡ್ ಮತ್ತು ಎಲ್ಲ ಎಕ್ಸ್‌ರೇ ಕೇಳಿ. ಕಂಪ್ಯೂಟರಿನಲ್ಲಿರುವ ಎಕ್ಸ್‌ರೇಯ ಮೂಲ ಫೈಲೇ ಬೇಕು. ಕಾಗದದ ಪ್ರಿಂಟಿನಲ್ಲಿ ಬೇರಿನ ತುದಿ ಸರಿಯಾಗಿ ಕಾಣುವುದಿಲ್ಲ. ಅವರೇ ಹಣ ಮರಳಿಸಿದರೆ ಅಥವಾ ಮತ್ತೆ ಮಾಡಿಕೊಟ್ಟರೆ ಒಳ್ಳೆಯದೇ. ಆದರೆ ‘ಇನ್ನು ಯಾವ ತಕರಾರೂ ಇಲ್ಲ’ ಎಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ.

ಬೇರೆ ತಜ್ಞರಿಂದ ಪಡೆಯುವ ಎರಡನೇ ಅಭಿಪ್ರಾಯದ ಮೇಲೆಯೇ ದೂರು ನಿಲ್ಲುತ್ತದೆ. ರೂಟ್ ಕೆನಾಲಿಗೆ ಎಂಡೋಡಾಂಟಿಸ್ಟ್, ಕಿತ್ತ ಹಲ್ಲಿಗೆ ಓರಲ್ ಸರ್ಜನ್, ತಂತಿಗೆ ಆರ್ಥೋಡಾಂಟಿಸ್ಟ್. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಈ ವಿಭಾಗಗಳೆಲ್ಲ ಒಂದೇ ಕಡೆ ಸಿಗುತ್ತವೆ. ‘ಅವರದು ತಪ್ಪು ಅಂತ ಬರೆದುಕೊಡಿ’ ಎಂದರೆ ಯಾರೂ ಬರೆಯುವುದಿಲ್ಲ. ಡಾಕ್ಟರುಗಳು ಬಳಸುವ ಹಲ್ಲಿನ ಸಂಖ್ಯೆ (ಬಲ ಕೆಳಗಿನ ಮೊದಲ ದವಡೆ ಹಲ್ಲು 46, ಎಡದ್ದು 36), ಕಂಡದ್ದೇನು, ಇನ್ನು ಬೇಕಾದ ಚಿಕಿತ್ಸೆ, ಖರ್ಚು ಇಷ್ಟನ್ನು ಬರೆಸಿಕೊಂಡರೆ ಸಾಕು.

ಹಣದ ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಪಡೆದ ಗದಗಿನವರು ಗದಗಿನಲ್ಲೇ ಕೊಟ್ಟರಾಯಿತು. ಚಿಕಿತ್ಸೆಗೆ ಕೊಟ್ಟ ಶುಲ್ಕ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಫೀ ಇಲ್ಲ. ವಕೀಲರು ಕಡ್ಡಾಯವಲ್ಲ. ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಲ್ಲರಿಗೂ ಉಚಿತವಾಗಿ ಕೊಡುವ ಚಿಕಿತ್ಸೆಗೆ ಮಾತ್ರ ಈ ದಾರಿ ಇಲ್ಲ.

ಡಾಕ್ಟರ ನಡತೆಯ ಬಗ್ಗೆ ಬೆಂಗಳೂರಿನ ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು, ಪರಿಹಾರದ ಹಣ ಅಲ್ಲಿ ಸಿಗದು. ನೋಂದಣಿಯೇ ಇಲ್ಲದೆ ಹಲ್ಲು ಕೀಳುವವರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಿ. ಪೊಲೀಸ್ ಠಾಣೆ ಮೊದಲ ಹೆಜ್ಜೆಯಾಗಬಾರದು: 2005ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ವೈದ್ಯರ ಮೇಲೆ ಕ್ರಿಮಿನಲ್ ಪ್ರಕರಣ ನಿಲ್ಲುತ್ತದೆ.

ಗ್ರಾಹಕರ ಆಯೋಗಕ್ಕೆ ಗಡುವು 2 ವರ್ಷ. ‘ಇನ್ನೊಮ್ಮೆ ಬನ್ನಿ, ನೋಡೋಣ’ ಎಂಬ ಮಾತಿಗೆ ಕಾದು ಕೂತವರಿಗೆ ಅದು ಸದ್ದಿಲ್ಲದೆ ಮುಗಿದುಹೋಗುತ್ತದೆ. ದಿನಗಳನ್ನು ಚಿಕಿತ್ಸೆ ನಡೆದ ತಾರೀಖಿನಿಂದಲೇ ಎಣಿಸಿಕೊಳ್ಳಿ.