ಎರೆಹುಳು, ಕಪ್ಪೆ ಉಸಿರಾಡುವುದನ್ನು ಕಣ್ಣಾರೆ ನೋಡುವುದು ಹೇಗೆ?

ಎರೆಹುಳುವಿಗೆ ಮೂಗಿಲ್ಲ, ಶ್ವಾಸಕೋಶವಿಲ್ಲ, ಕಿವಿರೂ ಇಲ್ಲ. ಉಸಿರಾಡುವುದು ಇಡೀ ಮೈಚರ್ಮ. ಅದನ್ನು ನೋಡಲು ಒಂದು ಬಿಳಿ ತಟ್ಟೆ, ಭೂತಗನ್ನಡಿ, ಒಂದಿಷ್ಟು ನೀರು ಸಾಕು.

ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಗೈಯಲ್ಲಿ ಹಿಡಿದರೆ ಹುಳುವಿನ ಮೈಮೇಲಿನ ಲೋಳೆ ಒರೆಸಿಹೋಗುತ್ತದೆ. ಅದರ ಉಸಿರಿಗೆ ಆ ಲೋಳೆಯೇ ಆಧಾರ. ತಟ್ಟೆಗೆ ಒದ್ದೆ ಕಾಗದ ಹಾಸಿ, ನೆರಳಿನಲ್ಲಿಟ್ಟು ಹುಳುವನ್ನು ಬಿಡಿ.

ಈಗ ಬೆನ್ನಿನ ಮೇಲೆ ಭೂತಗನ್ನಡಿ ಹಿಡಿಯಿರಿ. ಉದ್ದಕ್ಕೂ ಒಂದು ಕಡುಗೆಂಪು ಗೆರೆ ಕಾಣುತ್ತದೆ. ಅದು ರಕ್ತನಾಳ. ಬಾಲದ ಕಡೆಯಿಂದ ತಲೆಯ ಕಡೆಗೆ ಅಲೆಯಲೆಯಾಗಿ ಮಿಡಿಯುತ್ತಿರುತ್ತದೆ. ಗಾಳಿಯ ಆಮ್ಲಜನಕ ಲೋಳೆಯ ತೇವದಲ್ಲಿ ಕರಗಿ, ತೆಳು ಚರ್ಮ ದಾಟಿ, ಅದರಡಿಯ ಕೂದಲೆಳೆಯಂಥ ರಕ್ತನಾಳಗಳಾದ ಲೋಮನಾಳಗಳಿಗೆ ಇಳಿಯುತ್ತದೆ. ಅಲ್ಲಿ ಅದನ್ನು ಹೊರುವುದು ಹಿಮೋಗ್ಲೋಬಿನ್. ನಮ್ಮಲ್ಲಿ ಅದು ಕೆಂಪು ರಕ್ತಕಣಗಳೊಳಗಿದ್ದರೆ, ಎರೆಹುಳುವಿನಲ್ಲಿ ರಕ್ತದ ದ್ರವದಲ್ಲೇ ಬೆರೆತಿರುತ್ತದೆ. ಚರ್ಮ ಒಣಗಿತೋ, ಸುತ್ತ ಎಷ್ಟು ಗಾಳಿಯಿದ್ದರೂ ಹುಳು ಉಸಿರುಕಟ್ಟಿ ಸಾಯುತ್ತದೆ. ಹಾಗೆಂದು ಒಣಗಿಸಿ ನೋಡುವ ಪ್ರಯೋಗ ದಯವಿಟ್ಟು ಬೇಡ.

ಮಳೆ ಬಂದರೆ ಮುಳುಗಿ ಸಾಯುವ ಭಯಕ್ಕೇ ಎರೆಹುಳುಗಳು ಮೇಲೆ ಬರುತ್ತವೆ ಎನ್ನುವುದನ್ನು ಪೂರ್ತಿ ನಂಬಬೇಡಿ. ನೀರಿನಲ್ಲಿ ಸಾಕಷ್ಟು ಆಮ್ಲಜನಕವಿದ್ದರೆ ಅವು ದಿನಗಟ್ಟಲೆ ಬದುಕಬಲ್ಲವು.

ಇನ್ನು ಕಪ್ಪೆ. ಇದನ್ನು ಹಿಡಿಯುವುದೇ ಬೇಡ, ಸದ್ದಿಲ್ಲದೆ ದೂರ ಕುಳಿತು ಗಂಟಲನ್ನಷ್ಟೇ ಗಮನಿಸಿ. ಅದು ಸದಾ ಪಟಪಟನೆ ಅದುರುತ್ತಿರುತ್ತದೆ. ಆ ಅದುರಾಟದಲ್ಲಿ ಹೆಚ್ಚಿನ ಪಾಲು ಬಾಯೊಳಗಿನ ಗಾಳಿ ಬದಲಿಸುವುದಕ್ಕೆ ಮಾತ್ರ. ಕಾಯಬೇಕಾದ ಕ್ಷಣ ಬೇರೆ: ಮೂಗಿನ ಹೊಳ್ಳೆಗಳು ಮುಚ್ಚಿಕೊಳ್ಳುತ್ತವೆ, ಗಂಟಲು ಜೋರಾಗಿ ಮೇಲೇಳುತ್ತದೆ, ಪಕ್ಕೆಗಳು ಉಬ್ಬುತ್ತವೆ. ಗಾಳಿ ಶ್ವಾಸಕೋಶಕ್ಕೆ ಹೋಗುವುದು ಆಗ. ಕಪ್ಪೆಗೆ ನಮ್ಮಂತೆ ವಪೆಯಿಲ್ಲ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ), ಎದೆಗೂಡೂ ಇಲ್ಲ. ಹಾಗಾಗಿ ಅದು ಗಾಳಿಯನ್ನು ಎಳೆದುಕೊಳ್ಳುವುದಿಲ್ಲ, ಸೈಕಲ್ ಪಂಪಿನಂತೆ ಒಳಕ್ಕೆ ದಬ್ಬುತ್ತದೆ. ಬಾಯಿ ತೆರೆದೇ ಇದ್ದರೆ ಈ ಪಂಪು ಕೆಲಸ ಮಾಡದು.

ಇಷ್ಟೆಲ್ಲ ಇದ್ದರೂ ಕಪ್ಪೆ ಚರ್ಮದಿಂದ ಉಸಿರಾಡುವುದನ್ನು ಬಿಟ್ಟಿಲ್ಲ. ಇಂಗಾಲದ ಡೈಆಕ್ಸೈಡ್‌ನ ಬಹುಪಾಲು ಹೊರಹೋಗುವುದು ಚರ್ಮದ ಮೂಲಕವೇ. ನೀರಿನಡಿ ಮುಳುಗಿ ಕುಳಿತಾಗಲಂತೂ ಉಸಿರಾಟಕ್ಕೆ ಅದೊಂದೇ ದಾರಿ. ಗೊದಮೊಟ್ಟೆಯಾಗಿದ್ದಾಗ ಕಿವಿರು ಜೊತೆಗಿರುತ್ತದೆ. ಕಪ್ಪೆಯ ನೆಂಟರಾದ, ನೋಡಲು ಹಲ್ಲಿಯಂತಿರುವ ಸಾಲಮಾಂಡರ್‌ಗಳಲ್ಲಿ ಶ್ವಾಸಕೋಶವೇ ಇಲ್ಲದ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಬೆಳೆದ ಮೇಲೆ ಅವುಗಳಲ್ಲಿ ಹೆಚ್ಚಿನವು ಚರ್ಮ ಮತ್ತು ಬಾಯಿಯ ಒಳಪದರದಿಂದಲೇ ಉಸಿರಾಡುತ್ತವೆ.

ನೋಡಿ ಮುಗಿದ ಮೇಲೆ ಎರೆಹುಳುವನ್ನು ಬಿಸಿಲಿಲ್ಲದ ಕಡೆ, ತೇವದ ಸಡಿಲ ಮಣ್ಣಿಗೆ ಬಿಡಿ. ಗಟ್ಟಿ ನೆಲದ ಮೇಲೆ ಬಿಟ್ಟರೆ ಒಳಗಿಳಿಯುವ ಮೊದಲೇ ಒಣಗೀತು.