ಬೋಟು ಕಟ್ಟುವ ಹಗ್ಗ: ಬಲ ಎಷ್ಟು, ಅದು ಸೋರುವುದು ಎಲ್ಲಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಆ 61 ದಿನ ಬೋಟುಗಳು ಹಗ್ಗವನ್ನೇ ನಂಬಿ ನಿಲ್ಲುತ್ತವೆ. ಹಾಗಾಗಿ ಹಗ್ಗದ ತಪಾಸಣೆ ಮೇ ತಿಂಗಳಲ್ಲೇ ಮುಗಿಯಲಿ.

ಮೂರೆಳೆಯ 24 ಮಿ.ಮೀ. ಹೊಸ ಹಗ್ಗ ಪಾಲಿಪ್ರೊಪಿಲೀನ್ ಆಗಿದ್ದರೆ ಸುಮಾರು 7.5 ಟನ್ ಎಳೆತಕ್ಕೆ, ಪಾಲಿಯೆಸ್ಟರ್ 9 ಟನ್‌ಗೆ, ನೈಲಾನ್ 12 ಟನ್‌ಗೆ ತುಂಡಾಗುತ್ತದೆ. ದಪ್ಪ ಅರ್ಧವಾದರೆ ಬಲ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಉಳಿಯುತ್ತದೆ, 12 ಮಿ.ಮೀ.ನ ಎರಡು ಹಗ್ಗ ಸೇರಿದರೂ 24ಕ್ಕೆ ಸಾಟಿಯಲ್ಲ.

ಈ ಅಂಕಿಯನ್ನು ನೇರವಾಗಿ ನೆಚ್ಚಬೇಡಿ. 7.5 ಟನ್‌ನ ಐದನೇ ಒಂದು ಪಾಲು, ಅಂದರೆ 1.5 ಟನ್, ದಿನಬಳಕೆಯ ಮಿತಿ. ಗಂಟು ಹಾಕಿದರೆ ಬಲ ಅರ್ಧದವರೆಗೂ ಕುಸಿಯಬಹುದು, ಮಿತಿ 750 ಕಿಲೋಗೆ ಬಂತು. ಗಂಟಿನ ಬದಲು ಎಳೆಗಳನ್ನು ಬಿಡಿಸಿ ಹೆಣೆದು ಕುಣಿಕೆ ಮಾಡಿದರೆ ಸುಮಾರು 90% ಬಲ ಉಳಿಯುತ್ತದೆ. ನಾರಿನ ಹಗ್ಗಕ್ಕೆ ಮೂರು ಸುತ್ತು ಹೆಣಿಗೆ ಸಾಕಿತ್ತು. ಸಿಂಥೆಟಿಕ್ ನುಣುಪು, ಜಾರುತ್ತದೆ, ಕನಿಷ್ಠ ಐದು ಸುತ್ತು ಬೇಕು.

ಅಲೆ ಬೋಟನ್ನು ಜಗ್ಗುವ ಕಡೆ ನೈಲಾನ್ ಒಳ್ಳೆಯದು, ಹಿಗ್ಗಿ ಹೊಡೆತ ನುಂಗುತ್ತದೆ. ಒದ್ದೆಯಾದಾಗ ಅದರ ಬಲ 10ರಿಂದ 15% ಕಡಿಮೆ ಎಂಬುದನ್ನು ಲೆಕ್ಕದಲ್ಲಿಡಿ. ಉಜ್ಜಾಟಕ್ಕೂ ಬಿಸಿಲಿಗೂ ಪಾಲಿಯೆಸ್ಟರ್ ಹೆಚ್ಚು ಬಾಳುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ತೇಲುತ್ತದೆ, ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಒಂದೇ ದಿಕ್ಕಿಗೆ ನೈಲಾನ್ ಒಂದು, ಪಾಲಿಯೆಸ್ಟರ್ ಒಂದು ಕಟ್ಟುವುದು ದೊಡ್ಡ ತಪ್ಪು: ಹಿಗ್ಗದ ಪಾಲಿಯೆಸ್ಟರ್ ಮೇಲೆಯೇ ಬಹುಪಾಲು ಭಾರ ಬೀಳುತ್ತದೆ, ಅದು ಹರಿದ ಕೂಡಲೇ ಎಲ್ಲವೂ ಇನ್ನೊಂದರ ಮೇಲೆ.

ತಪಾಸಣೆಗೆ ಪ್ರತಿ ಮೀಟರಿಗೊಮ್ಮೆ ಹುರಿ ಬಿಚ್ಚಿ ಒಳಗೆ ನೋಡಿ. ಹೊರಮೈ ಸ್ವಲ್ಪ ಜುಂಗಾಗಿದ್ದರೆ ಚಿಂತೆಯಿಲ್ಲ. ಒಳಗೆ ಪುಡಿ ಕಂಡರೆ ಉಪ್ಪು, ಮರಳು ಎಳೆಗಳನ್ನು ಸವೆಸಿವೆ. ಮೈ ಹೊಳೆದು ಗಟ್ಟಿಯಾಗಿದ್ದರೆ ಘರ್ಷಣೆಯ ಬಿಸಿಗೆ ಕರಗಿದೆ. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಗೇ ಕರಗುತ್ತದೆ. ಒಂದು ಕಡೆ ತೆಳುವಾಗಿದ್ದರೆ ಅಲ್ಲಿ ಮಿತಿ ಮೀರಿದ ಭಾರ ಬಿದ್ದಿದೆ. ಬ್ಯಾಟರಿ ಆ್ಯಸಿಡ್ ತಾಗಿದ ನೈಲಾನನ್ನು ನೋಡುತ್ತಾ ಕೂರಬೇಡಿ, ತೆಗೆದುಹಾಕಿ.

ಕಬ್ಬಿಣದ ಅಂಚು ತಾಗುವಲ್ಲಿ ಹಳೆಯ ಹೋಸ್‌ಪೈಪ್ ತೊಡಿಸಿ. ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಗಿಯಾದ ನೈಲಾನ್ ಹಗ್ಗದ ನೇರಕ್ಕೆ ಯಾರೂ ನಿಲ್ಲಕೂಡದು; ಹರಿದು ಹಿಂದಕ್ಕೆ ಚಿಮ್ಮುವ ತುದಿ ಜೀವ ತೆಗೆಯುತ್ತದೆ. ಬಲಗೆಟ್ಟ ಹಗ್ಗವನ್ನು ಮೂಲೆಗೆ ಎಸೆಯದೆ ಎರಡೆರಡು ಅಡಿ ತುಂಡು ಮಾಡಿಬಿಡಿ, ಮತ್ತೊಬ್ಬರು ಎತ್ತಿ ಬೋಟಿಗೆ ಕಟ್ಟದಂತೆ.